ಇಬ್ಬರು ಲೆಚ್ಚುಮಿಯರು

ಸಮೀಕ್ಷೆಗೆ ಬಂದ ಟೀಚರು ಹೆಸರು ಕೇಳಿದಾಗ ಲೆಚ್ಚುಮಿ ಎಂದಿನಂತೆ ಒಂದು ಗಳಿಗೆ ತಡೆದಳು. ಐವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಹೆಸರು, ಇಷ್ಟು ಹೊತ್ತಿಗೆ ಬಾಯಿಗೆ ರೂಢಿಯಾಗಿ ಹೋಗಬೇಕಿತ್ತು. ಆದರೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಯಾರು ಕೇಳಿದರೂ ಅವಳಿಗೆ ಮೊದಲು ನಾಲಗೆ ಒಣಗುತ್ತದೆ, ಹೆಸರು ಆಮೇಲೆ ಬರುತ್ತದೆ.

ಟೀಚರ ಹೆಸರು ತನುಜಾ, ಹಾನುಬಾಳು ಕಡೆಯ ಶಾಲೆಯವರು. ದಸರಾ ರಜೆಯನ್ನು ಈ ಎಣಿಕೆಗೆ ಬಲಿಕೊಟ್ಟು, ಜಿಗಣೆ ಕಿತ್ತೆಸೆಯುತ್ತ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳವರೆಗೆ ಹತ್ತಿ ಬಂದಿದ್ದರು. ಅವರ ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ. ಕೊನೆಗೆ ಲೈನಿನವರೆಲ್ಲ ಒಬ್ಬೊಬ್ಬರಾಗಿ ಕಾಫಿ ಒಣಗಿಸುವ ಕಣಕ್ಕೆ ನಡೆದು, ಅದರ ಮೇಲಿನ ಮೂಲೆಯಲ್ಲಿ ನಿಂತು ಉತ್ತರ ಹೇಳಿ ಬರಬೇಕಾಯಿತು. ಆ ಎಸ್ಟೇಟಿನಲ್ಲಿ ಹೊರಗಿನ ಲೋಕದ ಜೊತೆ ಮಾತು ಹತ್ತುವುದು ಅದೊಂದೇ ಮೂಲೆಯಲ್ಲಿ.

ವಯಸ್ಸು ಐವತ್ತೆಂಟು ಎಂದಳು ಲೆಚ್ಚುಮಿ. ಅದು ಆಧಾರ್ ಕಾರ್ಡಿನ ವಯಸ್ಸು. ನಿಜಕ್ಕೂ ಅವಳಿಗೆ ಇನ್ನೂ ಎರಡು ಕಮ್ಮಿ. ಆದರೆ ಎಸ್ಟೇಟಿನವರು ಈ ವರ್ಷ ಅವಳಿಗೆ ಹಾರ ಹಾಕಿ ರಿಟೈರ್ ಮಾಡಿದ್ದು ಕಾರ್ಡಿನ ವಯಸ್ಸಿಗೆ. ಶಾಲೆಗೆ ಸೇರಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ವಯಸ್ಸಿಗೇ. ಅವಳ ಆಯುಸ್ಸಿನಲ್ಲಿ ಯಾವುದೂ ಅವಳ ಹೊತ್ತಿಗೆ ಬರಲಿಲ್ಲ, ಎಲ್ಲವೂ ಎರಡು ವರ್ಷ ಮುಂಚೆ ಬಂತು. ಆ ವಯಸ್ಸೂ ಅವಳದಲ್ಲ, ಹೆಸರೂ ಅವಳದಲ್ಲ. ಎರಡೂ ಅವಳ ಅಕ್ಕನವು. ಅಕ್ಕ ಸಿಲೋನಿನಲ್ಲಿ ಉಳಿದುಬಿಟ್ಟಳು, ಅವಳ ಹೆಸರಿನಲ್ಲಿ ಇವಳು ಇಂಡಿಯಾಕ್ಕೆ ಬಂದಳು.

ಹುಟ್ಟಿದ ಊರು ಸಿಲೋನ್ ಎಂದಾಗ ಟೀಚರು ತಲೆಯೆತ್ತಿ ನೋಡಿ, ಹಾಗಾದರೆ ನೀವು ಲಂಕಾದವರಾ ಎಂದು ಕೇಳಿದರು. ಈ ಪ್ರಶ್ನೆಗೆ ಸರಿಯುತ್ತರ ಇದ್ದಿದ್ದರೆ ಲೆಚ್ಚುಮಿಯ ಕತೆಯೇ ಇರುತ್ತಿರಲಿಲ್ಲ. ಆ ದ್ವೀಪದಲ್ಲಿ ಜನರನ್ನು ವಿಂಗಡಿಸುವುದು ಹಳೆಯ ಕಸುಬು. ಹೆಚ್ಚಿನವರು ಸಿಂಹಳರು. ಉತ್ತರಕ್ಕೂ ಪೂರ್ವಕ್ಕೂ ತಲೆತಲಾಂತರದಿಂದ ಇರುವ ತಮಿಳರು. ವ್ಯಾಪಾರ ಮಾಡಿಕೊಂಡು, ಬೇಸಾಯ ಮಾಡಿಕೊಂಡು ಎಲ್ಲ ಕಡೆಯೂ ಇರುವ ಮುಸ್ಲಿಮರು. ಇವರೆಲ್ಲರ ಕೊನೆಗೆ, ಬಿಳಿಯರು ಟೀ ತೋಟಕ್ಕೆಂದು ಹಡಗಿನಲ್ಲಿ ತುಂಬಿಕೊಂಡು ಹೋದ ಗುಡ್ಡದ ತಮಿಳರು. ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದರೂ ಇವರನ್ನು ಇಂಡಿಯಾದವರು ಎಂದೇ ಬರೆದುಕೊಂಡರು. ಸಿಂಹಳರಿಗೆ ಇವರು ಹೊರಗಿನವರು, ಉತ್ತರದ ತಮಿಳರಿಗೆ ಇವರು ಕೂಲಿಯವರು. ಒಂದು ದಿನ ಎರಡು ಸರಕಾರಗಳು ಕೂತು, ಇಷ್ಟು ಲಕ್ಷ ನಿಮಗೆ, ಇಷ್ಟು ಲಕ್ಷ ನಮಗೆ ಎಂದು ಹಂಚಿಕೊಂಡವು. ಮನೆ ಪಾಲಾದಾಗ ದನ ಹಂಚಿಕೊಳ್ಳುವ ಅಣ್ಣತಮ್ಮಂದಿರು ಕೂಡ ಕರುವನ್ನು ತಾಯಿಯ ಜೊತೆಗೇ ಬಿಡುತ್ತಾರೆ. ಸರಕಾರಗಳಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಲೆಚ್ಚುಮಿಯ ಅಪ್ಪ ವೇಲು ಇಂಡಿಯಾಕ್ಕೆ ಅರ್ಜಿ ಹಾಕಿದ, ಅಜ್ಜಿ ಅಲ್ಲಿಯೇ ಇರುತ್ತೇನೆಂದಳು. ಅರ್ಜಿಯಲ್ಲಿ ಅಪ್ಪ, ಅಮ್ಮ, ಮಗಳು ಲೆಚ್ಚುಮಿ ಎಂದು ಮೂರೇ ಹೆಸರು. ಇನ್ನೊಂದು ಮಗು ಪವಳ ಹುಟ್ಟಿದ್ದು ಅದಾದ ಮೇಲೆ. ಮೊಲೆ ಕುಡಿಯುವ ಕೂಸಿಗೆ ಯಾವ ಪಾಸ್‌ಪೋರ್ಟು ಎಂದುಕೊಂಡು ವೇಲು ಅದನ್ನು ಬರೆಸಲಿಲ್ಲ. ಕಾಗದ ಬರುವಷ್ಟರಲ್ಲಿ ಕೂಸು ಐದು ವರ್ಷದ ಹುಡುಗಿಯಾಗಿತ್ತು. ಮೂರು ಹೆಸರು, ನಾಲ್ಕು ಜನ. ಮತ್ತೆ ಬರೆಸಲು ಹೋದರೆ ಸರದಿ ತಪ್ಪುತ್ತಿತ್ತು, ತೋಟದವರು ಆಗಲೇ ಲೈನ್ ಮನೆ ಖಾಲಿ ಮಾಡಿ ಎಂದಿದ್ದರು. ಒಂದು ಮಗು ಸದ್ಯಕ್ಕೆ ಅಜ್ಜಿಯ ಹತ್ತಿರ ಇರಲಿ, ಆಮೇಲೆ ಕರೆಸಿಕೊಂಡರಾಯಿತು ಎಂದು ಹಿರಿಯರು ತೀರ್ಮಾನ ಮಾಡಿದರು. ಇರಬೇಕಾದವಳು ಪವಳ, ಹೋಗಬೇಕಾದವಳು ಲೆಚ್ಚುಮಿ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಹೋದವಳು ಪವಳ.

ಯಾಕೆ ಹಾಗಾಯಿತು ಎಂಬುದಕ್ಕೆ ಅಪ್ಪ ಒಂದು ಕತೆ ಹೇಳುತ್ತಿದ್ದ. ಹೊರಡುವ ದಿನ ದೊಡ್ಡವಳು ಅಜ್ಜಿಯ ಸೆರಗು ಬಿಡದೆ ರಂಪ ಮಾಡಿದಳಂತೆ, ವಿಧಿಯಿಲ್ಲದೆ ಚಿಕ್ಕವಳನ್ನು ಎತ್ತಿಕೊಂಡು ಬಂದರಂತೆ. ಅದೇ ತೋಟದಿಂದ ಮರುವರ್ಷ ಬಂದ ಹೆಂಗಸೊಬ್ಬಳು ಇದನ್ನು ಕೇಳಿ ನಕ್ಕಿದ್ದಳು. ಯಾವ ರಂಪವೂ ಇಲ್ಲ, ಕೋಳಿ ಕೂಗುವ ಮುಂಚೆ ಹೊರಟಿರಿ, ಮಕ್ಕಳಿಬ್ಬರೂ ನಿದ್ದೆಯಲ್ಲಿದ್ದವು ಎಂದಳು. ಅಮ್ಮ ಎರಡನ್ನೂ ಕೇಳಿಸಿಕೊಂಡು ಎದ್ದುಹೋದಳು. ಸಾಯುವವರೆಗೂ ಅವಳು ಇದರ ಬಗ್ಗೆ ತುಟಿ ಎರಡು ಮಾಡಲಿಲ್ಲ.

ಪವಳಳಿಗೆ ನೆನಪಿರುವುದು ಹಡಗಿನಲ್ಲಿ ಅಪ್ಪ ತೊಡೆ ಚಿವುಟಿದ್ದು ಮಾತ್ರ. ಯಾರು ಕೇಳಿದರೂ ಲೆಚ್ಚುಮಿ ಅನ್ನು ಎಂದು ಅವನು ಮತ್ತೆ ಮತ್ತೆ ಚಿವುಟಿದ್ದ. ಈ ದಡದ ಮಂಡಪಂ ಊರಿನ ಕ್ಯಾಂಪಿನಲ್ಲಿ ಬಿಳಿ ಶರಟಿನ ಒಬ್ಬಾತ ಕೇಳಿದಾಗ ಅವಳು ಸರಿಯಾಗಿಯೇ ಹೇಳಿದಳು. ಅವತ್ತಿನಿಂದ ಅವಳು ಲೆಚ್ಚುಮಿ. ಆ ಕಡೆ ಅಜ್ಜಿ ಕೂಡ ಜಾಣೆ. ಲೆಚ್ಚುಮಿ ಇಂಡಿಯಾಕ್ಕೆ ಹೋದಳೆಂದು ಬರೆದಾಗಿದ್ದರಿಂದ, ಉಳಿದ ಹುಡುಗಿಗೆ ಪವಳ ಎಂಬ ಹೆಸರನ್ನೇ ಕೊಟ್ಟು ಬೆಳೆಸಿದಳು. ಎರಡು ದೇಶದ ಲೆಕ್ಕವೂ ಸರಿಹೋಯಿತು.

ಅಮ್ಮನ ಲೆಕ್ಕ ಸರಿಹೋಗಲಿಲ್ಲ. ಆಳು ಕರೆತರುವ ಮೇಸ್ತ್ರಿಯೊಬ್ಬನ ಹಿಂದೆ ಸಂಸಾರ ಸಮೇತ ಸಕಲೇಶಪುರದ ಈ ಗುಡ್ಡಗಳಿಗೆ ಬಂದು, ಟೀ ಬಿಟ್ಟು ಕಾಫಿ ಹಿಡಿದ ಮೇಲೂ ಅವಳು ಗೋಡೆ ಕಡೆಯ ಅರ್ಧ ಚಾಪೆಯನ್ನು ಖಾಲಿ ಬಿಟ್ಟೇ ಮಲಗುತ್ತಿದ್ದಳು. ಈ ಕಡೆ ಮಗಳು, ಆ ಕಡೆ ಯಾರೂ ಇಲ್ಲ. ಪಕ್ಕದ ಮನೆಯ ಮಗು ಆಡುತ್ತ ಬಂದು ಅಲ್ಲಿ ಮಲಗಿದರೆ ನಿದ್ದೆಗಣ್ಣಿನಲ್ಲೇ ಎತ್ತಿ ಬೇರೆ ಕಡೆ ಹಾಕುತ್ತಿದ್ದಳು. ಮಗಳನ್ನು ಅವಳು ಲೆಚ್ಚುಮಿ ಎಂದು ಕರೆದದ್ದೇ ಇಲ್ಲ, ಮದುವೆಯಾಗಿ ಮಗುವಾದ ಮೇಲೂ ‘ಪಾಪ’ ಎಂದೇ ಕರೆದಳು. ಬೆಳಿಗ್ಗೆ ಹಾಜರಿ ಹಾಕುವಾಗ ರೈಟರು ‘ಲೆಚ್ಚುಮಿ’ ಎಂದು ಕೂಗಿದರೆ ಪಕ್ಕದಲ್ಲೇ ನಿಂತ ಮಗಳ ಕಡೆ ಅಮ್ಮ ತಿರುಗುತ್ತಿರಲಿಲ್ಲ. ಗೇಟಿನ ಕಡೆ ನೋಡುತ್ತಿದ್ದಳು.

ಇಂಥ ಮನೆಯಲ್ಲಿ ಬೆಳೆದವಳಿಗೆ ಹೆದರಿಕೆ ಹುಟ್ಟದೆ ಇನ್ನೇನು ಹುಟ್ಟೀತು? ಲೆಚ್ಚುಮಿಗೆ ತನಗಿಂತ ಎರಡು ವರ್ಷ ಮುಂದೆ ಯಾರೋ ನಡೆದುಹೋಗುತ್ತಿದ್ದಾರೆ ಎಂದು ಸದಾ ಅನ್ನಿಸುತ್ತಿತ್ತು. ಮಂಜು ಇಳಿದ ದಿನ ಕಾಫಿ ಕುಯ್ಯುವಾಗ ಮುಂದಿನ ಸಾಲಿನ ಗಿಡದ ರೆಂಬೆಯೊಂದು ತಾನಾಗಿ ಬಾಗುತ್ತಿತ್ತು. ಗಿಡದ ಸಂದಿಯಲ್ಲಿ ಸಣಕಲು ಕೈಯೊಂದು ಕಂಡಂತಾಗಿ, ನೋಡಿದರೆ ಏನೂ ಇರುತ್ತಿರಲಿಲ್ಲ. ಕೈ ಯಾವಾಗಲೂ ಏಳು ವರ್ಷದ ಹುಡುಗಿಯದು. ಇವಳ ತಲೆ ನರೆತರೂ ಆ ಕೈಗೆ ವಯಸ್ಸಾಗಲಿಲ್ಲ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬಳಿಗೆ, ಜೊತೆಯಲ್ಲೇ ಮೂವತ್ತು ವರ್ಷ ಕೆಲಸ ಮಾಡಿದ ಇಂದ್ರಮ್ಮನಿಗೆ. ಇಂದ್ರಮ್ಮ ಬೆಳಗೋಡಿನ ಕಡೆಯ ಗಟ್ಟಿಗಿತ್ತಿ, ದೆವ್ವ ಕಂಡರೆ ಅದಕ್ಕೂ ಎರಡು ಬೈದು ಕಳಿಸುವಂಥವಳು. ಆದರೆ ಇದನ್ನು ಕೇಳಿ ಬೈಯಲಿಲ್ಲ. ಬದುಕಿರುವವರ ದೆವ್ವಕ್ಕೆ ತಾಯಿತ ಕಟ್ಟುವವರು ಯಾರೂ ಇಲ್ಲ ಎಂದಷ್ಟೇ ಹೇಳಿದಳು.

ಟೀಚರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದ ವಾರದಲ್ಲೇ ಫೋನು ಬಂತು. ಇದೆಲ್ಲ ಲೆಚ್ಚುಮಿಯ ಮಗಳು ಮಾನಸಳ ಕೆಲಸ. ಸಕಲೇಶಪುರದ ಬಟ್ಟೆ ಅಂಗಡಿಯಲ್ಲಿ ದುಡಿಯುವ ಮಾನಸ ಅಮ್ಮನಿಗೆ ತಿಳಿಸದೆ ಫೇಸ್‌ಬುಕ್ಕಿನಲ್ಲಿ ತಾತನ ಹೆಸರು, ಸಿಲೋನಿನ ತೋಟದ ಹೆಸರು ಹಾಕಿದ್ದಳು. ಹಾಗೆ ಚೆದುರಿದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಗುಂಪೊಂದು ಅಲ್ಲಿದೆಯಂತೆ. ಹಟ್ಟನ್ ಹತ್ತಿರದ ಅದೇ ತೋಟದಿಂದ ಯೋಗರಾಣಿ ಎಂಬ ಹೆಂಗಸು ಉತ್ತರ ಬರೆದಳು. ಅವಳು ಅಕ್ಕನ ಮಗಳು.

ಅಂದರೆ ಅಕ್ಕ ಬದುಕಿದ್ದಾಳೆ. ಲೆಚ್ಚುಮಿ ಕಣದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಫೋನು ಕಿವಿಗಿಟ್ಟುಕೊಂಡಳು. ಆ ಕಡೆಯ ತಮಿಳು ಅಮ್ಮನ ತಮಿಳಿನ ಹಾಗೆಯೇ ಇತ್ತು. ನಾವು ಅದನ್ನು ನಮ್ಮ ಮಾತಿಗೆ ತಿರುಗಿಸಿಕೊಂಡು ಕೇಳಬೇಕು.

ಯೋಗರಾಣಿ ಸುತ್ತಿಬಳಸದೆ ಹೇಳಿದಳು. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ. ಅದಕ್ಕೆ ಸಿದ್ಧರಾಗಿದ್ದೇವೆ. ಸಂಕಟ ಅದಲ್ಲ. ಪವಳಮ್ಮ ಎಂದು ಕರೆದರೆ ಈಗ ಕಣ್ಣು ಬಿಡುವುದಿಲ್ಲ. ಚಮಚದಲ್ಲಿ ನೀರು ತಂದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ. ಮೊದಲಿನಿಂದಲೂ ಅವಳಿಗೆ ಇದೊಂದು ಹಟವಿತ್ತು. ಜನಗಣತಿಯವರು ಬಂದಾಗಲೆಲ್ಲ, ನನ್ನನ್ನು ಬರೆಯಬೇಡಿ, ನನ್ನನ್ನು ಇಂಡಿಯಾದಲ್ಲಿ ಬರೆದುಕೊಂಡಿದ್ದಾರೆ ಎಂದು ಜಗಳ ತೆಗೆಯುತ್ತಿದ್ದಳು. ನೀನು ಯಾವ ತಮಿಳು, ಲಂಕೆಯದೋ ಇಂಡಿಯಾದ್ದೋ ಎಂದು ಕೇಳಿದರೆ, ನಾನು ಇಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಈಗ ನಗು ಬರುವುದಿಲ್ಲ. ಕೊನೆಯದಾಗಿ ಬಾಯಿಬಿಟ್ಟಾಗ, ನನ್ನ ಹೆಸರು ತೆಗೆದುಕೊಂಡು ಹೋದವರು ಬಂದು ಕರೆಯಲಿ ಎಂದಳು.

‘ಒಂದು ಸಲ ಕರೆಯಿರಿ ಚಿಕ್ಕಮ್ಮ. ಆ ಹೆಸರಿನಿಂದ ಒಂದು ಸಲ ಕರೆದರೆ ನೀರು ಕುಡಿದಾಳು’ ಎಂದಳು ಯೋಗರಾಣಿ.

ಲೆಚ್ಚುಮಿ ಆಗಲಿ ಎಂದಳು. ಆದರೆ ಕರೆಯಲಿಲ್ಲ. ರಿಟೈರ್ ಆದ ಮೇಲೂ ದಿನಗೂಲಿಗೆ ಹೋಗುತ್ತಿದ್ದವಳು ಒಂದು ದಿನ ಅರೇಬಿಕಾ ಕುಯ್ಲು ಎಂದಳು, ಇನ್ನೊಂದು ದಿನ ಆನೆ ಎಂದಳು, ಮತ್ತೊಂದು ದಿನ ಗಂಟಲು ಕಟ್ಟಿದೆ ಎಂದಳು. ಮಾನಸ ಸಿಟ್ಟಾದಳು. ಹೆಸರು ಹಿಂದಕ್ಕೆ ಕೊಟ್ಟುಬಿಡಲು ಲೆಚ್ಚುಮಿಗೆ ಬೇಸರವೇನೂ ಇರಲಿಲ್ಲ, ಅದನ್ನು ಹೊತ್ತು ಅವಳಿಗೂ ಸಾಕಾಗಿತ್ತು. ಅವಳು ಹೆದರಿದ್ದು ಆಮೇಲೆ ಬರುವುದಕ್ಕೆ. ಕರೆದರೆ ಅಕ್ಕ ಕಣ್ಣು ಬಿಡುತ್ತಾಳೆ. ಬಿಟ್ಟರೆ ಒಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದ ಅಮ್ಮ ಹಾನುಬಾಳಿನ ಮಣ್ಣಿನಲ್ಲಿ ಮಲಗಿ ಹನ್ನೆರಡು ವರ್ಷವಾಗಿತ್ತು.

ಕೊನೆಗೆ ಇಂದ್ರಮ್ಮನೇ ಅವಳನ್ನು ಕುಯ್ಲಿನ ಸಾಲಿನಲ್ಲಿ ಅಡ್ಡಹಾಕಿ ನಿಲ್ಲಿಸಿದಳು.

‘ಕರೀಲಾ ಬ್ಯಾಡ್ವಾ ಅಂತ ನೀನು ಲೆಕ್ಕ ಹಾಕ್ತಾ ಕೂತ್ರೆ ಆಯಮ್ಮ ನೀರಿಲ್ದೆ ಹೊರಟೋಗ್ಬುಡ್ತಾಳೆ ಕಣೇ ಲೆಚ್ಚುಮಿ. ಆಮೇಕೆ ಆ ದಾಹ ಎಲ್ಲಿಗ್ ಹೋಯ್ತದೆ ಹೇಳು? ನೀನು ಬದುಕಿರೋಗಂಟ ನಿನ್ ಗಂಟ್ಲಲ್ಲೇ ಕೂತಿರ್ತೈತೆ.’

ಆ ಮಧ್ಯಾಹ್ನವೇ, ಅಂಗಡಿಗೆ ರಜೆ ಹಾಕಿ ಬಂದಿದ್ದ ಮಾನಸಳೂ ಸೇರಿ, ಮೂವರೂ ಕಣಕ್ಕೆ ಹೋದರು. ಆನೆ ಹಿಂಡು ಮೇಲಿನ ಎಸ್ಟೇಟಿಗೆ ಇಳಿದಿದೆ, ಬೇಗ ಮನೆ ಸೇರಿಕೊಳ್ಳಿ ಎಂದು ಅರಣ್ಯದವರ ಜೀಪು ಕೂಗಿಕೊಂಡು ಹೋಗಿತ್ತು. ಹಣ್ಣಿನ ಮೂಟೆಗಳನ್ನು ಸಿಪ್ಪೆ ಬಿಡಿಸುವ ಪಲ್ಪರಿನ ಹತ್ತಿರ ಹಾಕಿ ಆಳುಗಳು ಚದುರಿದ್ದರು. ಕೊಳೆತ ಸಿಪ್ಪೆಯ ಹುಳಿ ವಾಸನೆ ಗಾಳಿಯಲ್ಲಿ ನಿಂತಿತ್ತು. ಕಣಿವೆಯಿಂದ ಮಂಜು ಏರಿ ಬರುತ್ತಿತ್ತು. ಮಾನಸ ಮೂಲೆಯಲ್ಲಿ ನಿಂತು ಫೋನು ಎತ್ತಿ ಹಿಡಿದಳು. ಇಂದ್ರಮ್ಮ ತಮಿಳು ಬಾರದಿದ್ದರೂ ಲೆಚ್ಚುಮಿಯ ಬೆನ್ನಿಗೆ ಅಂಟಿಕೊಂಡು ನಿಂತಳು.

ಪರದೆಯ ಮೇಲೆ ಮೊದಲು ಸೊಳ್ಳೆಪರದೆ ಕಂಡಿತು, ಆಮೇಲೆ ಒಂದು ಮುಖ. ಲೆಚ್ಚುಮಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ಇಂದ್ರಮ್ಮನ ಕಾಲು ತುಳಿದಳು. ಅಲ್ಲಿ ಮಲಗಿದ್ದು ಅಮ್ಮ. ಅದೇ ಹಣೆ, ಅದೇ ಕುಸಿದ ಕೆನ್ನೆ, ಸತ್ತ ದಿನ ಇದ್ದಂತೆಯೇ ಬಿಗಿದ ತುಟಿ. ಇಷ್ಟು ವರ್ಷ ಏಳು ವರ್ಷದ ಹುಡುಗಿಗೆ ಹೆದರಿದ್ದವಳು ಈ ಮುಖಕ್ಕೆ ತಯಾರಾಗಿರಲಿಲ್ಲ.

‘ಲೆಚ್ಚುಮಿ’ ಎಂದಳು. ತನ್ನ ಹೆಸರನ್ನು ತಾನೇ ಇನ್ನೊಬ್ಬರಿಗೆ ಕೂಗುವುದು ವಿಚಿತ್ರವಾಗಿತ್ತು, ದನಿ ಅರ್ಧಕ್ಕೇ ನಿಂತಿತು. ಆ ಕಡೆ ಏನೂ ಅಲುಗಲಿಲ್ಲ. ಯೋಗರಾಣಿ ಫೋನನ್ನು ಇನ್ನೂ ಹತ್ತಿರ ಹಿಡಿದಳು. ಲೆಚ್ಚುಮಿ ಕಣ್ಣು ಮುಚ್ಚಿಕೊಂಡು, ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸುವ ಹಾಗೆ, ರಾಗವಾಗಿ ಮತ್ತೊಮ್ಮೆ ಕರೆದಳು. ಅಮ್ಮ ಈ ಹೆಸರನ್ನು ಹೀಗೆ ಕರೆದದ್ದನ್ನು ಅವಳು ಕೇಳಿರಲಿಲ್ಲ. ಕರೆದಿದ್ದರೆ ಹೀಗೇ ಕರೆಯುತ್ತಿದ್ದಳು ಎಂದು ಮಾತ್ರ ಅವಳಿಗೆ ಗೊತ್ತಿತ್ತು.

ಮುದುಕಿ ಕಣ್ಣು ಬಿಟ್ಟಳು.

‘ಅಮ್ಮಾ?’

ಮಾನಸ ಗಾಬರಿಯಿಂದ, ಅಲ್ಲ ದೊಡ್ಡಮ್ಮ, ಇದು ನಿಮ್ಮ ತಂಗಿ ಎಂದು ಹೇಳಲು ಬಾಯಿ ತೆರೆದಳು. ಲೆಚ್ಚುಮಿ ಅವಳ ಮಣಿಕಟ್ಟು ಹಿಡಿದು ಅಮುಕಿದಳು.

‘ಹೂಂ, ನಾನೇ’ ಎಂದಳು.

ಆ ಕಡೆಯಿಂದ ಉಸಿರಿನ ಸದ್ದು ಬಂತು. ಆಮೇಲೆ ಮಾತು. ಅಳು ಇರಲಿಲ್ಲ, ಮುದಿತನದ ನಡುಕವೂ ಇರಲಿಲ್ಲ. ಆಟಕ್ಕೆ ಸೇರಿಸಿಕೊಳ್ಳದೆ ಹೋದಾಗ ಮಕ್ಕಳು ಮುಖ ಊದಿಸಿಕೊಂಡು ಕೇಳುತ್ತಾರಲ್ಲ, ಆ ಧಾಟಿ.

‘ಅವಳನ್ಯಾಕೆ ಎತ್ಕೊಂಡು ಹೋದೆ?’

ಇದೇ ಆ ಪ್ರಶ್ನೆ. ಅಪ್ಪ ಕಟ್ಟಿದ ಕತೆ ಲೆಚ್ಚುಮಿಯ ನಾಲಗೆಯ ತುದಿಗೆ ಬಂತು. ನೀನೇ ಅಜ್ಜಿಯನ್ನು ಬಿಡಲಿಲ್ಲ ಮಗಳೇ. ಆದರೆ ಸಾಯುವವಳಿಗೆ, ತಪ್ಪು ನಿನ್ನದೇ ಎಂದು ಹೇಳಿ ಕಳಿಸುವುದು ಹೇಗೆ? ತಂಗಿ ಚಿಕ್ಕವಳು, ಅವಳನ್ನು ಬಿಟ್ಟುಬರಲು ಕರುಳು ಒಪ್ಪಲಿಲ್ಲ ಎನ್ನಬಹುದಿತ್ತು. ಲೆಚ್ಚುಮಿ ಒಳಗೊಳಗೇ ನಂಬಿಕೊಂಡು ಬದುಕಿದ್ದೂ ಅದನ್ನೇ. ಹೆಸರು ಸಾಲದ್ದಾದರೂ ಅಮ್ಮ ಆರಿಸಿಕೊಂಡದ್ದು ನನ್ನನ್ನು ಎಂಬ ಒಂದು ಹಿಡಿ ಸುಖ, ಯಾರಿಗೂ ತೋರಿಸದೆ ಇಟ್ಟುಕೊಂಡದ್ದು. ಅದನ್ನು ಈಗ ಹೇಳಿದರೆ ಆ ಹಲ್ಲು ಮತ್ತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಚ್ಚುವುದಿಲ್ಲ.

‘ಕತ್ತಲಿತ್ತು ಕಣವ್ವ’ ಎಂದಳು ಲೆಚ್ಚುಮಿ. ‘ಲಾರಿಯವನು ಕೂಗ್ತಾ ಇದ್ದ. ನೀವಿಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿದ್ರಿ. ನಿನ್ನನ್ನೇ ಅಂತ ಎತ್ಕೊಂಡೆ. ನೀನು ತಿನ್ನದೆ ಸೊರಗಿದ್ದೆ, ಅವಳು ದಪ್ಪಗಿದ್ಳು, ಎತ್ತಿದ್ರೆ ಒಂದೇ ಭಾರ. ರೈಲು ಹೊರಟು ಬೆಳಕು ಹರಿದ ಮೇಲೆ ಮುಸುಕು ಸರಿಸಿ ನೋಡ್ತೀನಿ, ಅವಳು.’

ಮಂಜು ಕಣದ ಅರ್ಧಕ್ಕೆ ಬಂದಿತ್ತು. ಸಿಗ್ನಲ್ ಹೋಗಿಬಿಟ್ಟರೆ ಎಂದು ಮಾನಸ ಕೈಯನ್ನು ಇನ್ನೂ ಮೇಲಕ್ಕೆ ಚಾಚಿದಳು.

‘ಅವಳು ಅಂತ ಗೊತ್ತಾದಾಗ ಏನ್ ಮಾಡ್ದೆ?’ ಎಂದು ಕೇಳಿದಳು ಮುದುಕಿ.

ಇದನ್ನು ಲೆಚ್ಚುಮಿ ನಿರೀಕ್ಷಿಸಿರಲಿಲ್ಲ. ಇಂದ್ರಮ್ಮನ ಸೀರೆಯ ನೆರಿಗೆ ಅವಳ ಮುಷ್ಟಿಯಲ್ಲಿತ್ತು.

‘ಅತ್ತುಬಿಟ್ಟೆ’ ಎಂದಳು. ‘ಅವತ್ತಿಂದ ಸಾಯೋಗಂಟ ಅತ್ತೆ. ನನಗೆ ಬೇಕಾಗಿದ್ದವಳು ನೀನು.’

ಬಿಗಿದ ತುಟಿ ಸಡಿಲವಾಯಿತು. ಯೋಗರಾಣಿಯ ಕೈ ಪರದೆಯೊಳಗೆ ಬಂತು, ಚಮಚ ಬಂತು. ಮುದುಕಿ ನೀರು ಕುಡಿದಳು. ಇನ್ನೊಂದು ಚಮಚವನ್ನೂ ಕುಡಿದಳು, ಗಂಟಲು ಏರಿಳಿದದ್ದು ಇಲ್ಲಿಗೆ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಳ್ಳುವ ಮುಂಚೆ ಅವಳು, ಹೋಗಲಿ ಬಿಡಮ್ಮ, ಅವಳಿಗೆ ಹೊಡೀಬೇಡ ಎಂದಳು. ಯೋಗರಾಣಿ ಅಳುತ್ತ ಏನೋ ಹೇಳಲು ಹೋದಳು. ಅಷ್ಟರಲ್ಲಿ ಚಿತ್ರ ನಿಂತು, ಫೋನು ಕಟ್ಟಾಯಿತು.

ಮಾನಸ ಅಮ್ಮನ ಮುಖ ನೋಡಲಾರದೆ ಫೋನನ್ನು ಒರೆಸುತ್ತ ಲೈನಿನ ಕಡೆ ಹೊರಟಳು. ಇಂದ್ರಮ್ಮ ಮಾತ್ರ ನಿಂತಳು. ಮೇಲಿನ ಎಸ್ಟೇಟಿನಲ್ಲಿ ಪಟಾಕಿ ಸಿಡಿದ ಸದ್ದು ಕೇಳಿತು, ಆನೆ ಓಡಿಸುತ್ತಿದ್ದರು.

‘ನೀರು ಕುಡದ್ಲಲ್ಲ, ಆಯ್ತು ಬಿಡು’ ಎಂದಳು ಇಂದ್ರಮ್ಮ. ‘ಅದೇನಂತ ಹೇಳ್ದೆ ಆಯಮ್ಮಂಗೆ?’

‘ಒಂದು ಸುಳ್ಳು ಹೇಳ್ದೆ ಕಣೇ.’

‘ಹೇಳಿದ್ರೇನಾಯ್ತು ಮಾರಾಯ್ತಿ, ಸಾಯೋರಿಗೆ ಹೇಳಿದ್ ಸುಳ್ಳು ಯಾರ ಲೆಕ್ಕಕ್ಕೂ ಬರಾಕಿಲ್ಲ’ ಎಂದು ಇಂದ್ರಮ್ಮ ಅವಳ ಭುಜ ಹಿಡಿದು ಇಳಿಜಾರಿಗೆ ತಿರುಗಿಸಿದಳು. ನಾಲ್ಕು ಹೆಜ್ಜೆ ಇಳಿದ ಮೇಲೆ ಲೆಚ್ಚುಮಿ ನಿಂತುಬಿಟ್ಟಳು. ಕಂಬಳಿ ಎಲ್ಲಿಂದ ಬಂತು, ರೈಲಿನ ಬೆಳಕು ಎಲ್ಲಿಂದ ಬಂತು, ಯಾರೂ ಹೇಳಿಕೊಡದ ಮಾತು ಅಷ್ಟು ಸಲೀಸಾಗಿ ತನ್ನ ಬಾಯಿಂದ ಹೇಗೆ ಹೊರಟಿತು ಎಂದು ಅವಳಿಗೆ ತಿಳಿಯಲಿಲ್ಲ.

‘ಹೇಳೋವಾಗ ಸುಳ್ಳು ಅಂತ್ಲೇ ಹೇಳ್ದೆ ಇಂದ್ರಿ’ ಎಂದಳು. ‘ಈಗ ನೋಡಿದ್ರೆ, ಅದೇ ದಿಟ ಇರ್ಬೇಕು ಅನ್ನುಸ್ತೈತೆ.’